ಎರಡು ವಾರದಲ್ಲಿ ಕಾಣದ್ದು: ಮನೋವೈದ್ಯರಾಗಬೇಕೆನ್ನುವ ವಿದ್ಯಾರ್ಥಿಗಳ ಜೊತೆ ಒಂದು ವರ್ಷ

ಖಿನ್ನತೆಯ ರೋಗಿಯೊಬ್ಬರಿಗೆ ಸೋಮವಾರ ಎಸ್ಸಿಟಾಲೋಪ್ರಾಮ್ ಮಾತ್ರೆ ಶುರು ಮಾಡುತ್ತೇವೆ ಅಂದುಕೊಳ್ಳಿ. ಮೊದಲ ವಾರ ಸ್ವಲ್ಪ ವಾಕರಿಕೆ, ಸ್ವಲ್ಪ ತಳಮಳ. ಮನಸ್ಸು ಹಗುರಾಗತೊಡಗುವುದು ಎರಡರಿಂದ ನಾಲ್ಕು ವಾರ ಕಳೆದ ಮೇಲೆ. ಎಂಬಿಬಿಎಸ್ ವಿದ್ಯಾರ್ಥಿಗೆ ನಮ್ಮ ಮನೋವೈದ್ಯ ವಿಭಾಗದಲ್ಲಿ ಒಂದು ಸಲಕ್ಕೆ ಸಿಗುವುದು ಎರಡೇ ವಾರದ ಪೋಸ್ಟಿಂಗ್. ಮಾತ್ರೆ ಕೆಲಸ ಶುರುಮಾಡುವ ಹೊತ್ತಿಗೆ ಆ ವಿದ್ಯಾರ್ಥಿ ಚರ್ಮರೋಗ ವಿಭಾಗದಲ್ಲಿ ಕೂತಿರುತ್ತಾನೆ. ಇಂಟರ್ನ್‌ಶಿಪ್‌ನಲ್ಲಿ ಮತ್ತೆ ಬಂದರೂ ಎರಡೇ ವಾರ. ಅಡ್ಮಿಟ್ ಆದ ದಿನ ಕಿರುಚಾಡುತ್ತಿದ್ದ ಹುಡುಗ ಮೂರು ತಿಂಗಳ ಮೇಲೆ ಅಪ್ಪನ ಅಂಗಡಿಯ ಬಾಗಿಲು ತೆಗೆದು ಕೂತದ್ದನ್ನು ನೋಡುವ ಅವಕಾಶವೇ ಅವರಿಗಿಲ್ಲ. 'ಸರ್, ಈ ಕಾಯಿಲೆಗಳು ವಾಸಿ ಆಗಲ್ಲ ಅಲ್ವಾ?' ಎಂಬ ಪ್ರಶ್ನೆ ಪ್ರತಿ ಬ್ಯಾಚಿನಲ್ಲೂ ಬರುವುದು ಇದರಿಂದಲೇ. ಕಾಯಿಲೆ ಉಲ್ಬಣಿಸಿದ್ದಷ್ಟೇ ಅವರ ಕಣ್ಣಿಗೆ ಬಿದ್ದಿದೆ.

ಮನೋವೈದ್ಯಶಾಸ್ತ್ರದ ಕಡೆ ಒಲವಿರುವ ವಿದ್ಯಾರ್ಥಿಗಳಿಗೆ ಮೆಂಟರ್ ಆಗುವುದೆಂದರೆ ನಮ್ಮ ಮಟ್ಟಿಗೆ ಈ ಕೊರತೆ ತುಂಬುವುದು. ಅದಕ್ಕೆ ವಿಭಾಗದಲ್ಲಿ ಒಂದು ಕ್ರಮ ಇಟ್ಟುಕೊಂಡಿದ್ದೇವೆ: ಒಬ್ಬ ವಿದ್ಯಾರ್ಥಿ, ಒಬ್ಬ ರೋಗಿ, ಒಂದು ವರ್ಷ, ಒಂದು ನೋಟ್‌ಬುಕ್. ಉಳಿದದ್ದೆಲ್ಲ ಇದರ ಸುತ್ತ ಬೆಳೆದದ್ದು.

ಪೋಸ್ಟಿಂಗ್‌ನ ಕೊನೆಯ ದಿನ, ಆಸಕ್ತಿ ಇರುವವರು ಬಂದು ಮಾತಾಡಿ ಅಂತ ಹೇಳುತ್ತೇವೆ. ದೊಡ್ಡ ಬ್ಯಾಚಿನಲ್ಲೂ ಬರುವವರು ಕೆಲವರೇ. ಎಂಬಿಬಿಎಸ್‌ನಲ್ಲಿ ಮನೋವೈದ್ಯಶಾಸ್ತ್ರಕ್ಕೆ ಪ್ರತ್ಯೇಕ ಪರೀಕ್ಷೆ ಇಲ್ಲ, ಜನರಲ್ ಮೆಡಿಸಿನ್ ಪತ್ರಿಕೆಯ ಒಳಗೇ ಒಂದೆರಡು ಪ್ರಶ್ನೆ ಬರುತ್ತದೆ. ಅಂಕದ ಆಸೆಗೆ ಯಾರೂ ಬರುವುದಿಲ್ಲ. ಯಾಕೆ ಬಂದಿರಿ ಅಂದರೆ, 'ಜನರ ಜೊತೆ ಮಾತಾಡೋದು ಇಷ್ಟ', 'ಸರ್ಜರಿ ನನಗೆ ಆಗಲ್ಲ', 'ನೈಟ್ ಡ್ಯೂಟಿ ಕಡಿಮೆ ಅಂತಾರೆ', ಇನ್ನು ಕೆಲವೊಮ್ಮೆ ತಗ್ಗಿದ ದನಿಯಲ್ಲಿ 'ನಮ್ಮ ಮನೆಯಲ್ಲೂ ಒಬ್ಬರಿಗಿದೆ'. ಯಾವ ಕಾರಣವನ್ನೂ ಕೀಳಾಗಿ ನೋಡುವುದಿಲ್ಲ. ನೈಟ್ ಡ್ಯೂಟಿಯ ಮಾತಾಡಿದವರನ್ನು ಮಾತ್ರ ಒಂದು ರಾತ್ರಿ ಡ್ಯೂಟಿ ರೆಸಿಡೆಂಟ್ ಜೊತೆ ಬಿಡುತ್ತೇವೆ. ಕ್ಯಾಶುವಾಲಿಟಿಗೆ ಉದ್ರಿಕ್ತ ರೋಗಿ ಬಂದಾಗ ಶಾಂತಗೊಳಿಸುವ ಹ್ಯಾಲೋಪೆರಿಡಾಲ್ ಮತ್ತು ಪ್ರೊಮೆಥಜೀನ್ ಇಂಜೆಕ್ಷನ್ ಕೊಡುವುದಕ್ಕೆ ಮುಂಚೆ ಎಷ್ಟು ಮಾತು, ಎಷ್ಟು ತಾಳ್ಮೆ ಖರ್ಚಾಗುತ್ತದೆ ಅಂತ ಆ ಒಂದು ರಾತ್ರಿಯಲ್ಲೇ ಗೊತ್ತಾಗುತ್ತದೆ.

ಒಬ್ಬ ಮೆಂಟರ್‌ಗೆ ಮೂರು ವಿದ್ಯಾರ್ಥಿಗಳು, ಹೆಚ್ಚಿಲ್ಲ. ಐವರಾದರೆ ಇಬ್ಬರು ಮಾತಾಡುತ್ತಾರೆ, ಮೂವರು ತಲೆಯಾಡಿಸುತ್ತಾರೆ. ಹದಿನೈದು ದಿನಕ್ಕೊಮ್ಮೆ ಮುಕ್ಕಾಲು ಗಂಟೆ ಕೂರುತ್ತೇವೆ. ಒಪಿಡಿ ಮುಗಿದ ಮೇಲೆ, ಊಟದ ನಂತರ. ಬೆಳಗ್ಗೆ ಇಟ್ಟುಕೊಂಡರೆ ರೌಂಡ್ಸ್ ನುಂಗಿಹಾಕುತ್ತದೆ. ಇಂಟರ್ನಲ್ಸ್ ಹತ್ತಿರ ಬಂದಾಗ ಪೂರ್ತಿ ಬಿಡುವು ಕೊಡುತ್ತೇವೆ. ಎಂಬಿಬಿಎಸ್ ಪಾಸಾಗುವುದೇ ಮೊದಲ ಕೆಲಸ, ಅದನ್ನು ಮರೆಸುವ ಮೆಂಟರ್ ವಿದ್ಯಾರ್ಥಿಗೆ ಕೆಡುಕು ಮಾಡಿದಂತೆ.

ರೋಗಿಯನ್ನು ಆರಿಸುವುದಕ್ಕೆ ನಾವು ಹೆಚ್ಚು ಸಮಯ ತೆಗೆದುಕೊಳ್ಳುತ್ತೇವೆ. ತಿಂಗಳಿಗೊಮ್ಮೆ ಒಪಿಡಿಗೆ ಬರುವವರಾಗಿರಬೇಕು, ಜೊತೆಗೆ ಮನೆಯವರೊಬ್ಬರು ಬರುತ್ತಿರಬೇಕು. ಮೊದಲ ಬಾರಿಯ ಸೈಕೋಸಿಸ್ (ಇಲ್ಲದ್ದು ಕೇಳಿಸುವ, ಇಲ್ಲದ್ದನ್ನು ನಂಬುವ ಕಾಯಿಲೆ), ಬೈಪೋಲಾರ್ (ಅತಿ ಉತ್ಸಾಹ, ಖಿನ್ನತೆ ಎರಡೂ ಬಂದುಹೋಗುವ ಕಾಯಿಲೆ), ಖಿನ್ನತೆ, ಮದ್ಯವ್ಯಸನ ಇವು ಕಲಿಯುವವರಿಗೆ ಒಳ್ಳೆಯವು. ಕೋರ್ಟು ಕೇಸು ನಡೆಯುತ್ತಿರುವವರು, ಮತ್ತೆ ಮತ್ತೆ ಕೈ ಕೊಯ್ದುಕೊಂಡು ಬರುವವರು ಶುರುವಿಗೆ ಬೇಡ. ವಿದ್ಯಾರ್ಥಿಯ ವಯಸ್ಸಿನವರೇ ಆದ ರೋಗಿಯನ್ನೂ ಸಾಮಾನ್ಯವಾಗಿ ಕೊಡುವುದಿಲ್ಲ. ಅಲ್ಲಿ ಅಕ್ಕರೆ ಯಾವಾಗ ಸಲಿಗೆಯಾಯಿತು ಅಂತ ಇಬ್ಬರಿಗೂ ತಿಳಿಯದೆ ಹೋಗಬಹುದು. ಒಪ್ಪಿಗೆ ಕೇಳುವಾಗ ಮೆಂಟರ್ ಎದುರಿಗಿದ್ದು ಎರಡು ಮಾತು ಸ್ಪಷ್ಟವಾಗಿ ಹೇಳಬೇಕು: 'ಇವರು ಇನ್ನೂ ಕಲಿಯುತ್ತಿರುವವರು, ನಿಮ್ಮ ಚಿಕಿತ್ಸೆ ನಾನೇ ನೋಡಿಕೊಳ್ಳುತ್ತೇನೆ. ನಾಳೆಯೇ ಬೇಡ ಅನ್ನಿಸಿದರೂ ಹೇಳಿ, ಚಿಕಿತ್ಸೆಯಲ್ಲಿ ಏನೂ ವ್ಯತ್ಯಾಸ ಆಗುವುದಿಲ್ಲ.' ಈ ಎರಡನೇ ಮಾತು ಬಿಟ್ಟುಹೋದರೆ, ಸರ್ಕಾರಿ ಆಸ್ಪತ್ರೆಯ ಬಡ ರೋಗಿ ಬೇಡ ಅನ್ನುವ ಧೈರ್ಯ ಮಾಡುವುದಿಲ್ಲ.

ನೋಟ್‌ಬುಕ್ ನೂರು ಪುಟದ ಗೆರೆಯ ಪುಸ್ತಕ. ರೋಗಿಯ ಹೆಸರಿಲ್ಲ, ವಿಳಾಸವಿಲ್ಲ, ನಾವು ಕೊಟ್ಟ ಒಂದು ಸಂಖ್ಯೆ ಮಾತ್ರ. ಎಡಗಡೆ ಪುಟದಲ್ಲಿ ರೋಗಿ ಆಡಿದ ಮಾತು, ಆಡಿದ ಹಾಗೇ. ಬಲಗಡೆ ನಮ್ಮ ಪರಿಭಾಷೆ. ಎಡಕ್ಕೆ, 'ಗೋಡೆ ಆಚೆಯಿಂದ ಮಾತಾಡ್ಕೋತಾರೆ. ನಾನು ತುತ್ತು ಎತ್ತಿದ್ರೆ, ನೋಡು ತಿಂತಾ ಇದಾನೆ ಅಂತಾರೆ. ಎದ್ದು ನಿಂತ್ರೆ, ಎದ್ದ ನೋಡು ಅಂತಾರೆ' ಎಂದಿರುತ್ತದೆ. ಬಲಕ್ಕೆ, ಮೂರನೆಯವರಂತೆ ಮಾತಾಡುವ, ಮಾಡುವ ಕೆಲಸಕ್ಕೆಲ್ಲ ವರದಿ ಒಪ್ಪಿಸುವ ಧ್ವನಿಯ ಹ್ಯಾಲುಸಿನೇಶನ್, ಅಂದರೆ ಇಲ್ಲದ ದನಿ ಕೇಳಿಸುವುದು. ಮೊದಲ ತಿಂಗಳು ಎಲ್ಲರದ್ದೂ ಒಂದೇ ತಪ್ಪು. ಎಡ ಪುಟ ಖಾಲಿ, ಬಲ ಪುಟದಲ್ಲಿ 'ಹ್ಯಾಲುಸಿನೇಶನ್ ಇದೆ' ಎಂಬ ಒಂದು ಸಾಲು. ಹಾಗೆ ಬರೆದದ್ದನ್ನು ಮೆಂಟರ್ ಪರಿಶೀಲಿಸಲಾರ. ನಿದ್ದೆಗೆ ಜಾರುವ ಹೊತ್ತಿಗೆ ಹೆಸರು ಕೂಗಿದಂತೆ ಕೇಳಿಸುವುದು ಆರೋಗ್ಯವಂತರಿಗೂ ಆಗುತ್ತದೆ. ರೋಗಿಯ ಮಾತು ಕಣ್ಣ ಮುಂದೆ ಇದ್ದರೆ ತಾನೆ ಯಾವುದು ಯಾವುದು ಅಂತ ಬೇರ್ಪಡಿಸುವುದು.

ಭಾಷೆಯ ವಿಷಯದಲ್ಲಿ ನಾವು ಬಿಗಿ. ಬೇರೆ ರಾಜ್ಯದಿಂದ ಬಂದ ವಿದ್ಯಾರ್ಥಿಗಳಿಗೆ ಫೌಂಡೇಶನ್ ಕೋರ್ಸ್‌ನಲ್ಲಿ ಕಲಿಸಿದ ಕನ್ನಡ 'ಎಲ್ಲಿ ನೋವು, ಎಷ್ಟು ದಿನದಿಂದ' ಎಂಬಲ್ಲಿಗೆ ಮುಗಿಯುತ್ತದೆ. ಮನೋವೈದ್ಯರಿಗೆ ಅದು ಸಾಲದು. ಕನ್ನಡ ಮನೆಮಾತಾದವರೂ ಇಲ್ಲಿ ಎಡವುತ್ತಾರೆ. 'ಬೇಜಾರು' ಅಂದರೆ ಬೇಸರವೋ, ದುಃಖವೋ, ಯಾರ ಮೇಲಾದರೂ ಮುನಿಸೋ? ಮೂರೂ ಆಗಬಹುದು, ಕೇಳಿಯೇ ತಿಳಿಯಬೇಕು. ಉತ್ತರ ಕರ್ನಾಟಕದಲ್ಲಿ ಬೆಳೆಗೆ ಹೊಡೆಯುವ ಕೀಟನಾಶಕಕ್ಕೂ 'ಎಣ್ಣಿ' ಅಂತಾರೆ. 'ಎಣ್ಣಿ ಕುಡದಾನ' ಅಂದರೆ ಬೆಂಗಳೂರಿನ ವಿದ್ಯಾರ್ಥಿ ಸಾರಾಯಿ ಅಂದುಕೊಂಡು ಮುಂದಿನ ಪ್ರಶ್ನೆಗೆ ಹೋಗುತ್ತಾನೆ. ಅಲ್ಲಿ ಮನೆಯವರು ಹೇಳಿದ್ದು ಆತ್ಮಹತ್ಯೆಯ ಪ್ರಯತ್ನದ ವಿಷಯ. ನೋಟ್‌ಬುಕ್ಕಿನ ಕೊನೆಯ ಹತ್ತು ಪುಟ ಇಂಥ ಪದಗಳಿಗೇ ಮೀಸಲು: ಮೈಮೇಲೆ ಬರುವುದು, ಗಾಳಿ ಸೋಕಿದ್ದು, ಧಾತು ಹೋಗುವುದು, ನರದ ದೌರ್ಬಲ್ಯ, ಎದೆ ಹೊಡ್ಕೊಳ್ಳೋದು, ತಲೆ ಧಿಮ್ ಅನ್ನೋದು.

ಮನಸ್ಥಿತಿ ಪರೀಕ್ಷೆಯಲ್ಲೂ ಅಷ್ಟೇ. ಅಮೂರ್ತವಾಗಿ ಯೋಚಿಸುವ ಶಕ್ತಿ ನೋಡಲು ಗಾದೆಯ ಅರ್ಥ ಕೇಳುವ ರೂಢಿ ಇದೆ. ಇಂಗ್ಲಿಷ್ ಪುಸ್ತಕ ಓದಿದವರು 'ಉರುಳುವ ಕಲ್ಲಿಗೆ ಪಾಚಿ ಹತ್ತುವುದಿಲ್ಲ, ಇದರ ಅರ್ಥ ಹೇಳಿ' ಅನ್ನುತ್ತಾರೆ. ಎದುರಿಗೆ ಕೂತ ಅಜ್ಜಿ ಜೀವಮಾನದಲ್ಲಿ ಕೇಳಿರದ ಗಾದೆ. 'ಹೌದಪ್ಪ, ಹೊಳೆ ಕಲ್ಲಿಗೆ ಹಿಡಿಯುತ್ತೆ, ಉರುಳೋದಕ್ಕೆ ಹ್ಯಾಗೆ ಹಿಡಿಯುತ್ತೆ?' ಅನ್ನುತ್ತಾರೆ. ವಿದ್ಯಾರ್ಥಿ 'ಅಮೂರ್ತ ಚಿಂತನೆ ಕುಂದಿದೆ' ಅಂತ ಬರೆದುಕೊಳ್ಳುತ್ತಾನೆ. 'ಹಾಸಿಗೆ ಇದ್ದಷ್ಟು ಕಾಲು ಚಾಚು' ಕೇಳಿ ನೋಡಿ, ಅದೇ ಅಜ್ಜಿ ಮೊಮ್ಮಗನ ಬೈಕಿನ ಸಾಲದ ಕಥೆ ಹೇಳಿ ಅರ್ಥ ಬಿಡಿಸುತ್ತಾರೆ. ನೂರರಿಂದ ಏಳೇಳು ಕಳೆಯಿರಿ ಎಂಬುದು ಶಾಲೆ ಕಾಣದವರಿಗೆ ಗಮನಶಕ್ತಿಯ ಪರೀಕ್ಷೆ ಆಗುವುದಿಲ್ಲ, ಲೆಕ್ಕದ ಪರೀಕ್ಷೆ ಆಗುತ್ತದೆ. ವಾರದ ದಿನಗಳನ್ನು ಕೊನೆಯಿಂದ ಮೊದಲಿಗೆ ಹೇಳಿಸಬಹುದು. ಲೆಕ್ಕವೇ ಬೇಕಾದರೆ ನೂರು ರೂಪಾಯಿ ಕೊಟ್ಟು ಮೂವತ್ತೈದರ ಸಾಮಾನು ತಂದರೆ ಚಿಲ್ಲರೆ ಎಷ್ಟು ಬರಬೇಕು ಅಂತ ಕೇಳಬಹುದು. ತಾರೀಖು ಹೇಳಲು ಬಾರದವರಿಗೆ ಸಂತೆಯ ದಿನ, ಹಿಂದಿನ ಹಬ್ಬ, ಊರ ಜಾತ್ರೆ ನೆನಪಿರುತ್ತದೆ. ಇನ್ನೊಂದು, ರೋಗಿ ಎಷ್ಟೇ ಚಿಕ್ಕವರಾಗಲಿ, ಎಷ್ಟೇ ಅಸ್ತವ್ಯಸ್ತವಾಗಿ ಬಂದಿರಲಿ, ಬಹುವಚನದಲ್ಲೇ ಮಾತಾಡಬೇಕು. ಹಿರಿಯರಾದರೆ ಅಮ್ಮ, ಅಜ್ಜ. ವಾರ್ಡಿನಲ್ಲಿ ಏಕವಚನ ಬಹಳ ಬೇಗ ಅಂಟಿಕೊಳ್ಳುತ್ತದೆ.

ಆತ್ಮಹತ್ಯೆಯ ಯೋಚನೆ ಕೇಳುವುದನ್ನು ಮೊದಲು ನಮ್ಮ ಮೇಲೆ ಅಭ್ಯಾಸ ಮಾಡಿಸುತ್ತೇವೆ. ಮೆಂಟರ್ ರೋಗಿಯಾಗಿ ಕೂರುತ್ತಾರೆ. ಮೆಟ್ಟಿಲು ಮೆಟ್ಟಿಲಾಗಿ ಇಳಿಯಬೇಕು. ಬದುಕು ಸಾಕು ಅನ್ನಿಸುತ್ತಾ? ಸತ್ತುಹೋದರೆ ಒಳ್ಳೆಯದಿತ್ತು ಅಂತ ಬರುತ್ತಾ? ನೀವೇ ಏನಾದರೂ ಮಾಡಿಕೊಳ್ಳಬೇಕು ಅಂತ? ಹೇಗೆ ಅಂತ ಯೋಚಿಸಿದ್ದೀರಾ? ಹಿಂದೆ ಯಾವಾಗಲಾದರೂ ಮಾಡಿಕೊಂಡಿದ್ದಿರಾ? ಮನೆಯಲ್ಲಿ ಹೊಲಕ್ಕೆ ಹೊಡೆಯುವ ಔಷಧಿ ಎಲ್ಲಿಡುತ್ತೀರಿ? ಈ ಕೊನೆಯ ಪ್ರಶ್ನೆಯನ್ನು ಬಹುತೇಕ ಎಲ್ಲರೂ ಬಿಡುತ್ತಾರೆ. ಜೀವ ಉಳಿಸುವ ಪ್ರಶ್ನೆ ಅದು. ಡಬ್ಬಿಗಳನ್ನು ಬೀಗ ಹಾಕಿದ ಕಡೆಗೆ, ಇಲ್ಲವೇ ಬೇರೆಯವರ ಮನೆಗೆ ಸಾಗಿಸುವ ಮಾತು ಅಲ್ಲಿಂದಲೇ ಶುರುವಾಗಬೇಕು. ಕೇಳಿದರೆ ಯೋಚನೆ ಬಿತ್ತಿದಂತಾಗುತ್ತದೆ ಎಂಬ ಭಯ ಎಲ್ಲರಿಗೂ ಇರುತ್ತದೆ. ಆಗುವುದಿಲ್ಲ. ಕೇಳಿದ ಮೇಲೆ ಎಷ್ಟೋ ಜನ ಉಸಿರು ಬಿಡುವುದನ್ನು ವಿದ್ಯಾರ್ಥಿಗಳೇ ನೋಡುತ್ತಾರೆ. ಆದರೆ 'ನಿಮಗೊಬ್ಬರಿಗೇ ಹೇಳ್ತೀನಿ, ಯಾರಿಗೂ ಹೇಳ್ಬೇಡಿ' ಅಂದಾಗ ಆಯ್ತು ಅನ್ನಬಾರದು. 'ನಿಮ್ಮ ಜೀವಕ್ಕೆ ಅಪಾಯ ಅಂತ ಅನ್ನಿಸಿದರೆ ನಮ್ಮ ಡಾಕ್ಟರಿಗೆ ಹೇಳಲೇಬೇಕು' ಅಂತ ಮೊದಲೇ ಹೇಳಿಬಿಡಬೇಕು. ಸ್ವಂತ ಮೊಬೈಲ್ ನಂಬರ್ ಕೊಡಬಾರದು. ಕೊಟ್ಟವರಿಗೆ ರಾತ್ರಿ ಎರಡಕ್ಕೆ ಕರೆ ಬರುತ್ತದೆ, ಪರೀಕ್ಷೆಯ ಹಿಂದಿನ ದಿನ ಎತ್ತದಿದ್ದರೆ ಆಚೆಗಿರುವವರು ಕೈಬಿಟ್ಟರು ಅಂದುಕೊಳ್ಳುತ್ತಾರೆ. ಅದರ ಬದಲು ವಿಭಾಗದ ನಂಬರ್ ಮತ್ತು ಟೆಲಿ-ಮಾನಸ್‌ನ 14416 ಬರೆದುಕೊಡುತ್ತಾರೆ. 2022ರ ಅಕ್ಟೋಬರಿನಲ್ಲಿ ಶುರುವಾದ ಈ ಉಚಿತ ಸಹಾಯವಾಣಿಯಲ್ಲಿ ಕನ್ನಡದಲ್ಲೂ ಮಾತಾಡಬಹುದು.

ಮೂರನೇ ತಿಂಗಳ ಹೊತ್ತಿಗೆ ಬೇರೆ ವಾರ್ಡುಗಳಿಂದ ಬರುವ ರೆಫರಲ್ ನೋಡಲು ಕರೆದುಕೊಂಡು ಹೋಗುತ್ತೇವೆ. ಸರ್ಜರಿ ವಾರ್ಡಿನ ಚೀಟಿಯಲ್ಲಿ 'ಅಸಂಬದ್ಧ ಮಾತು, ಮಾನಸಿಕ ತೊಂದರೆ ಇರಬಹುದು' ಅಂತಿರುತ್ತದೆ. ಹೋಗಿ ನೋಡಿದರೆ ಮೂಳೆ ಮುರಿದೋ ಅಪೆಂಡಿಕ್ಸ್ ಆಪರೇಷನ್ ಆಗಿಯೋ ಅಡ್ಮಿಟ್ ಆಗಿ ಮೂರನೇ ದಿನ. ಕೈ ನಡುಗುತ್ತಿದೆ, ಮೈ ಬೆವರಿದೆ, ಹೊದಿಕೆಯ ಮೇಲೆ ಇಲ್ಲದ ಹುಳ ಹೆಕ್ಕುತ್ತಿದ್ದಾರೆ, ಡ್ರಿಪ್ ಕಿತ್ತಿದ್ದಾರೆ. ವಿದ್ಯಾರ್ಥಿ ಸ್ಕಿಜೋಫ್ರೇನಿಯಾ ಅನ್ನುತ್ತಾರೆ. 'ಕೊನೆಯ ಸಲ ಕುಡಿದದ್ದು ಯಾವಾಗ?' ಎಂಬ ಒಂದೇ ಪ್ರಶ್ನೆಯನ್ನು ಮನೆಯವರಿಗೆ ಕೇಳಿಸುತ್ತೇವೆ. ಕುಡಿತ ನಿಂತು ಎರಡರಿಂದ ನಾಲ್ಕು ದಿನದಲ್ಲಿ ಬರುವ ಡೆಲಿರಿಯಂ (ಹಠಾತ್ತಾಗಿ ಬುದ್ಧಿ ಗಲಿಬಿಲಿಯಾಗುವುದು) ಅದು. ಶಮನಕ್ಕೆ ಲೊರಾಜೆಪಾಮ್ ಬೇಕು, ಗ್ಲೂಕೋಸ್ ಏರಿಸುವ ಮುಂಚೆ ಥಯಮಿನ್ (ಬಿ1 ವಿಟಮಿನ್) ಬೇಕು, ರಕ್ತದ ಲವಣಾಂಶ ನೋಡಬೇಕು, ತಲೆಗೆ ಪೆಟ್ಟು ಬಿದ್ದಿದೆಯಾ ಅಂತಲೂ ನೋಡಬೇಕು. ಬಿಟ್ಟರೆ ಪ್ರಾಣವೇ ಹೋಗಬಹುದು. ಮನೋವೈದ್ಯರಾಗುವವರಿಗೆ ಮೆಡಿಸಿನ್ ಬೇಡ ಅಂದುಕೊಂಡು ಬಂದವರು ಅವತ್ತಿನಿಂದ ಸ್ಟೆತಸ್ಕೋಪ್ ಕೈಬಿಡುವುದಿಲ್ಲ.

ಬೈಪೋಲಾರ್ ಕಾಯಿಲೆಗೆ ಲಿಥಿಯಂ ಮಾತ್ರೆ ತೆಗೆದುಕೊಳ್ಳುವ ರೋಗಿ ಸಿಕ್ಕ ವಿದ್ಯಾರ್ಥಿ ಪುಣ್ಯವಂತ, ಕಲಿಯಲು ಅಷ್ಟಿದೆ. ರಕ್ತದಲ್ಲಿ ಅದರ ಮಟ್ಟ ಲೀಟರಿಗೆ 0.6ರಿಂದ 1.2 ಮಿಲಿ ಈಕ್ವಿವಲೆಂಟ್ ಒಳಗಿರಬೇಕು, 1.5 ದಾಟಿದರೆ ವಿಷದ ಲಕ್ಷಣಗಳು. ರಕ್ತ ತೆಗೆಯಬೇಕಾದ್ದು ಕೊನೆಯ ಡೋಸ್ ಆಗಿ 12 ಗಂಟೆಗೆ. ರೋಗಿ ಬೆಳಗಿನ ಮಾತ್ರೆ ನುಂಗಿ ಬಸ್ಸು ಹತ್ತಿ ಬಂದು ರಕ್ತ ಕೊಟ್ಟರೆ ವರದಿ ಸುಳ್ಳೇ ಹೆಚ್ಚು ತೋರಿಸುತ್ತದೆ, ಹೆದರಿ ಡೋಸ್ ಇಳಿಸಿದರೆ ಕಾಯಿಲೆ ಮರುಕಳಿಸುತ್ತದೆ. ಹಿಂದಿನ ಸಲದ ಚೀಟಿಯಲ್ಲಿ 'ರಕ್ತ ಕೊಟ್ಟ ಮೇಲೆ ಮಾತ್ರೆ' ಅಂತ ದಪ್ಪಕ್ಷರದಲ್ಲಿ ಬರೆಯುವುದು ವಿದ್ಯಾರ್ಥಿಯ ಜವಾಬ್ದಾರಿ. ನಿಜವಾಗಿ ಏರುವುದೂ ಇದೆ. ಬೇಸಿಗೆಯಲ್ಲಿ ಹೊಲದಲ್ಲಿ ಬೆವರಿ ನೀರು ಕುಡಿಯದೆ, ಮೊಣಕಾಲು ನೋವಿಗೆ ಮೆಡಿಕಲ್ ಶಾಪಿನಿಂದ ಡೈಕ್ಲೋಫೆನಾಕ್ ತಂದು ನುಂಗಿದವರಲ್ಲಿ ಆಗುತ್ತದೆ. ಹಾಗಾಗಿ ಪ್ರತಿ ಭೇಟಿಯಲ್ಲೂ 'ಬೇರೆ ಯಾವ ಮಾತ್ರೆ ತಗೊಂಡ್ರಿ?' ಅಂತ ಕೇಳಬೇಕು. ಈ ವರ್ಷದೊಳಗೆ ಒಮ್ಮೆಯಾದರೂ ರೋಗಿ ಮಾತ್ರೆ ನಿಲ್ಲಿಸುವ ಸಂಭವ ಹೆಚ್ಚು. ಚೆನ್ನಾಗಿದ್ದೇನೆ ಅಂತ, ಮದುವೆ ಮನೆಯಲ್ಲಿ ನೆಂಟರು ನೋಡಿಯಾರು ಅಂತ, ಮಂಪರು ಬಂದು ಕೆಲಸಕ್ಕೆ ತೊಂದರೆ ಅಂತ. ವಿದ್ಯಾರ್ಥಿಗಳಿಗೆ ಅವತ್ತು ಬಹಳ ನೋವಾಗುತ್ತದೆ, ಕೆಲವರು ಗದರಿಯೂ ಬಿಡುತ್ತಾರೆ. ಗದರಿದರೆ ಮುಂದಿನ ಸಲ ರೋಗಿ ಸುಳ್ಳು ಹೇಳುತ್ತಾರೆ, ಅಷ್ಟೇ ಆಗುವುದು. ನಿಲ್ಲಿಸಿದ ಕಾರಣವನ್ನು ಎಡ ಪುಟದಲ್ಲಿ ಅವರ ಮಾತಿನಲ್ಲೇ ಬರೆದುಕೊಂಡು ಬನ್ನಿ ಅನ್ನುತ್ತೇವೆ. ಮುಂದಿನ ಚಿಕಿತ್ಸೆ ಆ ಕಾರಣದ ಮೇಲೆ ನಿಂತಿರುತ್ತದೆ.

ಇಸಿಟಿ, ಅಂದರೆ ಮೆದುಳಿಗೆ ವಿದ್ಯುತ್ ಹಾಯಿಸಿ ಸೆಳವು ಬರಿಸುವ ಚಿಕಿತ್ಸೆ, ಅದರ ಬಗ್ಗೆ ಎಲ್ಲರ ತಲೆಯಲ್ಲೂ ಸಿನಿಮಾದ ಚಿತ್ರವೇ. ರೋಗಿಯ ಒಪ್ಪಿಗೆ ಇದ್ದರೆ ಒಂದು ಬೆಳಗ್ಗೆ ತೋರಿಸುತ್ತೇವೆ. ರಾತ್ರಿಯಿಂದ ಉಪವಾಸ, ಅರಿವಳಿಕೆ ತಜ್ಞರು ಪಕ್ಕದಲ್ಲಿ. ಕಾಲಿನ ಕೆಳಭಾಗಕ್ಕೆ ಬಿಪಿ ಪಟ್ಟಿ ಕಟ್ಟಿ, ಸ್ನಾಯು ಸಡಿಲಿಸುವ ಸಕ್ಸಿನೈಲ್‌ಕೋಲಿನ್ ಕೊಡುವ ಮುಂಚೆ ಅದನ್ನು ಬಿಗಿಯಾಗಿ ಊದಿಸುತ್ತಾರೆ. ಔಷಧ ಆ ಪಾದಕ್ಕೆ ತಲುಪುವುದಿಲ್ಲ. ಮೈಯೆಲ್ಲ ಅಲುಗದೆ ಮಲಗಿದ್ದರೂ ಆ ಒಂದು ಪಾದ ಮಾತ್ರ ಕೆಲವು ಸೆಕೆಂಡು ಸಣ್ಣಗೆ ಅದುರುತ್ತದೆ. ವಿದ್ಯಾರ್ಥಿಗೆ ಕಾಣುವ ಸೆಳವು ಅಷ್ಟೇ. ಸ್ವಲ್ಪ ಹೊತ್ತಿಗೆ ರೋಗಿ ಕಣ್ಣು ಬಿಟ್ಟು ಕಾಫಿ ಕೇಳುತ್ತಾರೆ. ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧ ಇಲ್ಲದೆ ಇಸಿಟಿ ಕೊಡುವುದನ್ನು 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆಯ 95ನೇ ಸೆಕ್ಷನ್ ನಿಷೇಧಿಸಿದೆ. ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದಕ್ಕೂ ಅದೇ ಸೆಕ್ಷನ್ನಿನಲ್ಲಿ ನಿಷೇಧ. ಕಾಯ್ದೆಯನ್ನು ಬೇರೆ ಪಾಠವಾಗಿ ಮಾಡದೆ ಹೀಗೆ ಎದುರಿಗೆ ಬಂದಾಗಲೇ ಹೇಳಿದರೆ ಉಳಿಯುತ್ತದೆ. ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದು ಭಾವಿಸಬೇಕು ಎನ್ನುವ 115ನೇ ಸೆಕ್ಷನ್ ಕ್ಯಾಶುವಾಲಿಟಿಯಲ್ಲಿ, ಚಿಕಿತ್ಸೆಯ ಮಾಹಿತಿ ಗುಟ್ಟಾಗಿರಬೇಕು ಎನ್ನುವ 23ನೇ ಸೆಕ್ಷನ್ ಯಾರೋ ವಾಟ್ಸಾಪ್ ಗ್ರೂಪಿಗೆ ರೋಗಿಯ ವಿವರ ಹಾಕಲು ಹೊರಟ ದಿನ.

ಒಂದು ಮಂಗಳವಾರ ತಾಲ್ಲೂಕು ಆಸ್ಪತ್ರೆಯಲ್ಲಿ ಮಾನಸಿಕ ಕಾಯಿಲೆಗೆಂದೇ ನಡೆಯುವ ಮನೋಚೈತನ್ಯ ಕ್ಲಿನಿಕ್ಕಿಗೆ ಕಳಿಸುವುದನ್ನು ತಪ್ಪಿಸುವುದಿಲ್ಲ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗ, 1996ರಲ್ಲಿ ಅದು ರಾಷ್ಟ್ರಮಟ್ಟಕ್ಕೆ ಹೋಯಿತು. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಪ್ರಕಾರ ವಯಸ್ಕರಲ್ಲಿ ಶೇ. 10.6 ಮಂದಿಗೆ ಆ ಹೊತ್ತಿಗೆ ಒಂದಲ್ಲ ಒಂದು ಮಾನಸಿಕ ಕಾಯಿಲೆ ಇತ್ತು, ಬಹುಪಾಲು ಜನ ಚಿಕಿತ್ಸೆಯಿಂದ ದೂರವಿದ್ದರು. ಆ ದೂರ ಏನೆಂದು ತಾಲ್ಲೂಕಿನ ಬೆಂಚಿನ ಮೇಲೆ ಕೂತರೆ ತಿಳಿಯುತ್ತದೆ. ಒಂದು ದಿನದ ಕೂಲಿ, ಎರಡು ಬಸ್ಸಿನ ಚಾರ್ಜು, ಜೊತೆಗೆ ಬರುವವರ ಕೂಲಿ.

ಸಂಶೋಧನೆಯ ಆಸೆ ಇರುವವರು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯಾದ ಐಸಿಎಂಆರ್‌ನ ಎರಡು ತಿಂಗಳ ವಿದ್ಯಾರ್ಥಿ ಯೋಜನೆಗೆ ಅರ್ಜಿ ಹಾಕುತ್ತಾರೆ. 'ವೈದ್ಯ ವಿದ್ಯಾರ್ಥಿಗಳಲ್ಲಿ ಖಿನ್ನತೆ, ಪಿಎಚ್‌ಕ್ಯೂ-9 ಫಾರಂ ಹಂಚಿ' ಎಂಬ ವಿಷಯ ತರದವರು ಅಪರೂಪ. ಅದು ಸವೆದ ದಾರಿ, ಜೊತೆಗೆ ಒಂದು ತೊಡಕೂ ಇದೆ. ಖಿನ್ನತೆ ಅಳೆಯುವ ಆ ಫಾರಂನ ಒಂಬತ್ತನೇ ಪ್ರಶ್ನೆ ಸಾಯುವ ಯೋಚನೆಯದ್ದು. ಹೆಸರಿಲ್ಲದ ಫಾರಂನಲ್ಲಿ ಸಹಪಾಠಿಯೊಬ್ಬರು 'ಬಹುತೇಕ ದಿನವೂ' ಎಂದು ಗುರುತು ಹಾಕಿದರೆ ಹುಡುಕಿ ಸಹಾಯ ಮಾಡುವುದು ಹೇಗೆ? ಇದಕ್ಕೆ ಉತ್ತರ ಬರೆಯದೆ ಎಥಿಕ್ಸ್ ಕಮಿಟಿಯ ಮುಂದೆ ಹೋಗಬಾರದು. ಎರಡು ತಿಂಗಳಿಗೆ ಸಣ್ಣ ಪ್ರಶ್ನೆ ಸಾಕು. ನಮ್ಮ ಒಪಿಡಿಗೆ ಮೊದಲ ಸಲ ಬಂದವರು ಅದಕ್ಕೆ ಮುಂಚೆ ಎಲ್ಲೆಲ್ಲಿ ಹೋಗಿದ್ದರು, ಯಾವ ದೇವಸ್ಥಾನ, ಯಾವ ದರ್ಗಾ, ಯಾವ ಡಾಕ್ಟರು, ಎಷ್ಟು ತಿಂಗಳು, ಎಂಬಂಥದ್ದು.

'ನಮ್ಮ ಮನೆಯಲ್ಲೂ ಒಬ್ಬರಿಗಿದೆ' ಅಂದವರ, ಅಥವಾ 'ನನಗೇ ಇದೆ' ಅಂದವರ ವಿಷಯದಲ್ಲಿ ನಮ್ಮದೊಂದು ನಿಯಮ. ಮೆಂಟರ್ ಅವರ ಡಾಕ್ಟರ್ ಆಗುವುದಿಲ್ಲ. ಅಂಕ ಕೊಡುವವರ ಮುಂದೆ ಯಾರೂ ಪೂರ್ತಿ ಬಿಚ್ಚಿಡಲಾರರು. ಕಾಲೇಜಿನ ಹೊರಗಿನ ಮನೋವೈದ್ಯರಿಗೆ ಪರಿಚಯ ಮಾಡಿಕೊಡುತ್ತೇವೆ, ಅಲ್ಲಿ ಏನಾಯಿತು ಅಂತ ಕೇಳುವುದಿಲ್ಲ. ಚಿಕಿತ್ಸೆಯಲ್ಲಿದ್ದು ಚೆನ್ನಾಗಿರುವವರು ಈ ವೃತ್ತಿಗೆ ಬರಲು ಯಾವ ಅಡ್ಡಿಯೂ ಇಲ್ಲ. ಆದರೆ ತಮ್ಮದೇ ಕಾಯಿಲೆ ಇರುವ ರೋಗಿಯನ್ನು ಮೊದಲ ವರ್ಷ ಕೊಡುವುದಿಲ್ಲ. ರೋಗಿಯ ಕಥೆಯಲ್ಲಿ ತಮ್ಮದನ್ನೇ ಕೇಳತೊಡಗಿದರೆ ಎಡ ಪುಟ ಕೆಡುತ್ತದೆ.

ಕೊನೆಗೆ ಮನೆಯವರ ಮಾತು. 'ಎಂಬಿಬಿಎಸ್ ಓದಿ ಹುಚ್ಚರ ಡಾಕ್ಟರ್ ಆಗ್ತೀಯಾ?' ಈ ಒಂದು ಸಾಲಿಗೆ ನಿರ್ಧಾರ ಬದಲಾಯಿಸಿದವರಿದ್ದಾರೆ. ಅಪ್ಪ ಅಮ್ಮ ಬರುವುದಾದರೆ ಬರಲಿ, ಕೂತು ಮಾತಾಡುತ್ತೇವೆ. ಎಂಬಿಬಿಎಸ್ ಆದ ಮೇಲೆ ತಜ್ಞರಾಗಲು ಎಂಡಿ ಮೂರು ವರ್ಷ, ಅದಕ್ಕೆ ಸಮನಾದ ಡಿಎನ್‌ಬಿಯೂ ಮೂರು ವರ್ಷ. ಪ್ರವೇಶ ಪರೀಕ್ಷೆ ಸಾಮಾನ್ಯ ಸೀಟುಗಳಿಗೆ ನೀಟ್ ಪಿಜಿ, ನಿಮ್ಹಾನ್ಸ್‌ಗೆ ಐಎನ್‌ಐ-ಸಿಇಟಿ. ಮುಂದೆ ಮಕ್ಕಳ ಮನೋವೈದ್ಯ, ವ್ಯಸನ ಚಿಕಿತ್ಸೆ, ವೃದ್ಧರ ಮನೋವೈದ್ಯ ಎಂಬ ಡಿಎಂ (ಎಂಡಿಯ ಮೇಲಿನ ಪದವಿ) ದಾರಿಗಳಿವೆ. ಕ್ಲಿನಿಕ್ ತೆರೆಯಲು ದೊಡ್ಡ ಯಂತ್ರಗಳಿಗೆ ಸಾಲ ಮಾಡಬೇಕಿಲ್ಲ. ಸೀಟು ಆರಿಸುವಾಗ ಕಟ್ಟಡ ನೋಡಬೇಡಿ ಅಂತ ವಿದ್ಯಾರ್ಥಿಗೂ ಹೇಳುತ್ತೇವೆ. ಹಾಸಿಗೆ ಎಷ್ಟು ತುಂಬಿರುತ್ತವೆ, ವ್ಯಸನಮುಕ್ತಿ ವಾರ್ಡ್ ಇದೆಯಾ, ಕ್ಲಿನಿಕಲ್ ಸೈಕಾಲಜಿಸ್ಟ್ ಮತ್ತು ಸೈಕಿಯಾಟ್ರಿಕ್ ಸೋಶಿಯಲ್ ವರ್ಕರ್ ಹುದ್ದೆ ಭರ್ತಿಯಾಗಿವೆಯಾ, ಬೇರೆ ವಾರ್ಡಿನ ರೆಫರಲ್ ದಿನಕ್ಕೆ ಎಷ್ಟು ಬರುತ್ತವೆ ಎಂಬುದನ್ನು ಅಲ್ಲಿನ ಎರಡನೇ ವರ್ಷದ ರೆಸಿಡೆಂಟ್‌ಗೆ ಫೋನ್ ಮಾಡಿ ಕೇಳಿ. ಹೊಸದಾಗಿ ಸೇರಿದವರಿಗೆ ಇನ್ನೂ ಗೊತ್ತಿರುವುದಿಲ್ಲ, ಮೂರನೇ ವರ್ಷದವರು ಥೀಸಿಸ್‌ನಲ್ಲಿ ಮುಳುಗಿರುತ್ತಾರೆ.

ವರ್ಷ ಮುಗಿಯುವ ಎರಡು ಭೇಟಿಗಳ ಮುಂಚೆಯೇ ವಿದ್ಯಾರ್ಥಿ ರೋಗಿಗೆ ಹೇಳಬೇಕು: 'ಇನ್ನೆರಡು ಸಲ ನಾನು ಸಿಗುತ್ತೇನೆ, ಆಮೇಲೆ ನನ್ನ ಓದು ಬೇರೆ ಕಡೆ.' ಕೊನೆಯ ದಿನ ಹೇಳಿದರೆ ಅದು ತೊರೆದು ಹೋದಂತೆ. ಮುಂದಿನ ವಿದ್ಯಾರ್ಥಿ ಬರುವುದನ್ನು ರೋಗಿ ಒಪ್ಪಿದರೆ ಕೊನೆಯ ಭೇಟಿಗೆ ಇಬ್ಬರೂ ಒಟ್ಟಿಗೆ ಕೂರುತ್ತಾರೆ, ಹಳಬರು ಹೊಸಬರನ್ನು ಪರಿಚಯಿಸುತ್ತಾರೆ. ನೋಟ್‌ಬುಕ್ ವಿದ್ಯಾರ್ಥಿಯ ಜೊತೆ ಹೋಗುವುದಿಲ್ಲ, ವಿಭಾಗದ ಬೀರುವಿನಲ್ಲಿ ಬೀಗದೊಳಗೆ ಉಳಿಯುತ್ತದೆ. ಕೊನೆಯ ಎಡ ಪುಟವನ್ನು ಆ ದಿನ ಬರೆಯುತ್ತಾರೆ. ಒಂದು ಪುಸ್ತಕದಲ್ಲಿ ಹೀಗಿದೆ: 'ಈಗಲೂ ಒಂದೊಂದು ಸಲ ಗೋಡೆ ಆಚೆ ಮಾತಾಡಿದ ಹಂಗಾಗುತ್ತೆ. ರೇಡಿಯೋ ಹಾಕ್ಕೊಂಡು ಅಂಗಡಿ ಕೆಲಸ ನೋಡ್ಕೋತೀನಿ.' ಅದರ ಎದುರಿನ ಬಲ ಪುಟದಲ್ಲಿ, ಸಂಕ್ಷಿಪ್ತವಾಗಿ, ತಾರೀಖು ಮತ್ತು ಮುಂದಿನ ಭೇಟಿಯ ದಿನ.